ಮೇಷ್ಟ್ರೇ, ಆ ಸಾಲನ್ನು ತೆಗೆಯೋದಿಲ್ಲ

ಪತ್ರ: ಹೋದ ಸಂಚಿಕೆಯಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದ ಅರ್ಜನ್ ಸಿಂಗ್ ಅವರ ಕುರಿತ ಲೇಖನ ಚೆನ್ನಾಗಿತ್ತು. ಆದರೆ ಅವರ ಮೇಲೆ ಕೋರ್ಟ್ ಮಾರ್ಷಲ್ (ಸೇನಾ ನ್ಯಾಯಾಲಯದ ವಿಚಾರಣೆ) ನಡೆದ ಸಂಗತಿ ಯಾಕೆ ಬೇಕಿತ್ತು? ಮಕ್ಕಳೂ ಓದುವ ಪತ್ರಿಕೆ. ನನ್ನ ತರಗತಿಯಲ್ಲಿ ಕಿಟಕಿ ಹಾರಿ ಓಡುತ್ತಿದ್ದ ಹುಡುಗನೊಬ್ಬನಿದ್ದ. ಅಂಥವರಿಗೆ ಇದು ಕುಮ್ಮಕ್ಕು. — ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ: ನಿಮ್ಮ ಅಕ್ಷರ ಎಷ್ಟು ದುಂಡಗಿದೆ ಅಂದರೆ ಬೈದದ್ದೂ ಹರಸಿದ ಹಾಗಿದೆ. ಶಿಸ್ತಿಲ್ಲದೆ ವಾಯುಪಡೆ ಇಲ್ಲ, ಒಪ್ಪಿದೆ. ಇನ್ನು ನನ್ನ ಮಾತು ಕೇಳಿ.

1944ರಲ್ಲಿ ಇಂಫಾಲದಲ್ಲಿ ಜಪಾನೀಯರ ವಿರುದ್ಧ ಹರಿಕೇನ್ ವಿಮಾನ ಹಾರಿಸುತ್ತಿದ್ದ ವಾಯುಪಡೆಯ ತುಕಡಿ 1ನೇ ಸ್ಕ್ವಾಡ್ರನ್ನಿಗೆ ಅರ್ಜನ್ ಸಿಂಗ್ ನಾಯಕ. ಮೌಂಟ್‌ಬ್ಯಾಟನ್ ಅಲ್ಲಿಗೇ ಬಂದು ಡಿಎಫ್‌ಸಿ ಅನ್ನುವ ಶೌರ್ಯ ಪದಕ ಕೊಟ್ಟರು. ಮರುವರ್ಷ ಫೆಬ್ರವರಿಯಲ್ಲಿ ಕೋರ್ಟ್ ಮಾರ್ಷಲ್! ಈಗಿನ ಕೇರಳದಲ್ಲಿ ಮನೆಗಳ ಮೇಲೆ ತೀರಾ ತಗ್ಗಿನಲ್ಲಿ ಹಾರಿದ್ದು ತಪ್ಪು. ತರಬೇತಿಯಲ್ಲಿದ್ದ ಹುಡುಗನಿಗೆ ಹುರುಪು ಬರಲಿ ಅಂತ ಹಾಗೆ ಮಾಡಿದೆ ಅಂದರು. ಹೆಂಚು ನಡುಗಿರಬೇಕು. ಯಾವುದೋ ಅಜ್ಜಿ ಹಿಡಿಶಾಪ ಹಾಕಿರಬೇಕು.

ಆದರೂ ಇವರನ್ನು ಯಾರೂ ಮೂಲೆಗೆ ಕೂರಿಸಲಿಲ್ಲ ನೋಡಿ. 1947ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳ ಮುಂದಾಳು ಇವರೇ. 45ಕ್ಕೆ ವಾಯುಪಡೆಯ ಮುಖ್ಯಸ್ಥ. 1965ರ ಸೆಪ್ಟೆಂಬರ್ 1ರಂದು ಜಮ್ಮುವಿನ ಛಾಂಬ್‌ಗೆ ಪಾಕಿಸ್ತಾನದ ಟ್ಯಾಂಕು ನುಗ್ಗಿದವು. ವಿಮಾನ ಕಳಿಸಲು ಎಷ್ಟು ಹೊತ್ತು ಬೇಕು ಅಂತ ರಕ್ಷಣಾ ಸಚಿವ ಚವಾಣ್ ಕೇಳಿದರು. ಒಂದು ಗಂಟೆ ಅಂದರು. ಅಷ್ಟರೊಳಗೇ ಪಠಾಣ್‌ಕೋಟ್‌ನಿಂದ ವಿಮಾನ ಎದ್ದವು. ಆ ಸಂಜೆ ನಾಲ್ಕು ವ್ಯಾಂಪೈರ್ ವಿಮಾನ ಕಳೆದುಕೊಂಡೆವು, ಅದನ್ನೂ ಮುಚ್ಚಿಡಬಾರದು.

ಈಗ ಬಡ್ತಿ ಯಾರಿಗೆ? ಫೈಲಿನಲ್ಲಿ ಒಂದು ಕಲೆಯೂ ಇಲ್ಲದವನಿಗೆ. ಏನೂ ಮಾಡದವನ ಫೈಲಿಗೆ ಕಲೆ ಎಲ್ಲಿಂದ ಬರಬೇಕು? ನಾನು ಮೊದಲು ಕೆಲಸಕ್ಕಿದ್ದ ಕಡೆ, ಮಧ್ಯರಾತ್ರಿ ಯಾರನ್ನೂ ಕೇಳದೆ ತಪ್ಪು ಶೀರ್ಷಿಕೆ ತಿದ್ದಿದ ಹುಡುಗನಿಗೆ ಮೆಮೊ ಸಿಕ್ಕಿತು. ತಪ್ಪನ್ನು ನೋಡಿಯೂ ಸುಮ್ನೆ ಮನೆಗೆ ಹೋದವರು ಮುಖ್ಯಸ್ಥರಾದರು.

ಫೈಲು ಅಂದಾಗ ಕೊಡಗಿನ ಅಜ್ಜಮಾಡ ದೇವಯ್ಯ ನೆನಪಾಗುತ್ತಾರೆ. ಅದೇ 1ನೇ ಸ್ಕ್ವಾಡ್ರನ್ ಜತೆ, ಅದೇ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೊರಟರು. ಅವರು ಹೆಚ್ಚುವರಿ ಪೈಲಟ್ ಅಷ್ಟೆ. ನಿಧಾನದ ಮಿಸ್ಟಿಯರ್ ವಿಮಾನದಲ್ಲಿ ಕೂತು, ಶಬ್ದಕ್ಕಿಂತ ಎರಡು ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರನ್ನು ಉರುಳಿಸಿದರು. ಮರಳಿ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ, ಮೇಷ್ಟ್ರೇ! ಇದಕ್ಕೆ ನಿಮಗೆ ಸಿಟ್ಟು ಬರಬೇಕಿತ್ತು, ಅಲ್ವಾ?

ಶಿಸ್ತಿನ ಮಾತು ಬಿಡೋದಿಲ್ಲ ಅಂತೀರಾ? 2015ರ ಜುಲೈ, ಪಾಲಂ ವಿಮಾನ ನಿಲ್ದಾಣ. ಕಲಾಂ ಅವರ ಪಾರ್ಥಿವ ಶರೀರ ಬಂದಿತ್ತು. 96ರ ಅರ್ಜನ್ ಸಿಂಗ್ ಗಾಲಿಕುರ್ಚಿಯಲ್ಲಿ ಬಂದರು. ಕೂತೇ ಕೈಮುಗಿದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಎದ್ದು ನಿಂತು ಸೆಲ್ಯೂಟ್ ಹೊಡೆದರು.

ಅಂದ ಹಾಗೆ, ಆ ಕಿಟಕಿ ಹಾರುತ್ತಿದ್ದ ಹುಡುಗ ಈಗ ಎಲ್ಲಿದ್ದಾನೆ? ನಿಮ್ಮನ್ನು ನೋಡಲು ಬರುತ್ತಾನಾ? ಮುಂದಿನ ಪತ್ರದಲ್ಲಿ ಬರೆಯಿರಿ.