ಅಜ್ಜಿಯ ಗರುಡಗಂಟೆಯನ್ನು ಬದಲಿಸುವ ಮುನ್ನ

ನಮಸ್ಕಾರ. ಅಜ್ಜಿಯ ಕಾಲದ ಗರುಡಗಂಟೆಯ (ಹಿಡಿಯ ತುದಿಯಲ್ಲಿ ಗರುಡನ ಮೂರ್ತಿಯಿರುವ ಪೂಜೆಯ ಕೈಗಂಟೆ) ನಾದ ಮಂಕಾಗಿದೆ, ಅದನ್ನು ಕೊಟ್ಟು ಹೊಸದು ತರಬಹುದೇ, ಪೂಜೆಯಲ್ಲಿ ಅದನ್ನು ಯಾವಾಗ ಬಾರಿಸಬೇಕು ಎಂದು ತಾವು ಕೇಳಿದ್ದೀರಿ. ದಯವಿಟ್ಟು ಅವಸರಪಟ್ಟು ಕೊಡಬೇಡಿ.

ಪೂಜೆಯ ಆರಂಭದಲ್ಲಿ ಗಂಟೆಗೆ ಗಂಧಾಕ್ಷತೆ ಏರಿಸಿ, 'ಆಗಮಾರ್ಥಂ ತು ದೇವಾನಾಂ ಗಮನಾರ್ಥಂ ತು ರಾಕ್ಷಸಾಂ' ಎಂಬ ಶ್ಲೋಕ ಹೇಳಿ ಬಾರಿಸುವುದು ರೂಢಿ. ದೇವತೆಗಳು ಬರಲಿ, ರಾಕ್ಷಸರು ತೊಲಗಲಿ ಎಂಬುದು ಅದರ ಭಾವ. ಅಂದರೆ ಗಂಟೆಯ ನಾದವೇ ಒಂದು ಆಹ್ವಾನ. ಆ ಬಳಿಕ ಅಭಿಷೇಕ, ಧೂಪ, ದೀಪ, ನೈವೇದ್ಯಗಳ ಹೊತ್ತಿಗೆ, ಕೊನೆಗೆ ಬಲಗೈಯಲ್ಲಿ ಮಂಗಳಾರತಿ ಎತ್ತುವಾಗ ಎಡಗೈಯಲ್ಲಿ ಬಾರಿಸುತ್ತಾರೆ. ಧ್ಯಾನ, ಜಪಗಳ ಹೊತ್ತಿನಲ್ಲಿ ಗಂಟೆ ಸುಮ್ಮನಿರುವುದೇ ಚೆಂದ. ಮನೆಯಲ್ಲಿ ಶಿವಪೂಜೆ ಇದ್ದರೂ ಗರುಡನ ಹಿಡಿಯ ಬಗ್ಗೆ ಅಳುಕು ಬೇಡವೆಂದೇ ನನ್ನ ಅಭಿಪ್ರಾಯ. ಪಂಚಾಯತನ ಪೂಜೆ, ಅಂದರೆ ಶಿವ, ವಿಷ್ಣು, ದೇವಿ, ಸೂರ್ಯ, ಗಣಪತಿ ಐವರನ್ನೂ ಒಟ್ಟಿಗೆ ಪೂಜಿಸುವ ಪದ್ಧತಿ ಇರುವ ಮನೆಗಳಲ್ಲಿ ಶಿವನಿಗೂ ವಿಷ್ಣುವಿಗೂ ಒಂದೇ ಗಂಟೆ ಮೊಳಗುತ್ತದೆ.

ಈಗ ನಾದದ ಮಾತು. ಒಳ್ಳೆಯ ಗಂಟೆಯ ಕಂಚಿನಲ್ಲಿ ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಇರುತ್ತದೆ. ತವರದಿಂದ ಲೋಹ ಗಟ್ಟಿಯಾಗಿ ನಾದ ಬಹಳ ಹೊತ್ತು ನಿಲ್ಲುತ್ತದೆ, ಆದರೆ ಅದೇ ಕಾರಣಕ್ಕೆ ಕಲ್ಲಿನ ನೆಲದ ಮೇಲೆ ಬಿದ್ದರೆ ಸೀಳುವ ಭಯವೂ ಉಂಟು. ಆದ್ದರಿಂದ ಮೊದಲು ಹಿಡಿಯನ್ನಷ್ಟೇ ಹಿಡಿದು, ಮರದ ಸೌಟಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟಿ ನೋಡಿ. ಸೌಟಿನ ಪೆಟ್ಟಿಗೆ ನಾದ ತುಂಬಿ ಬಂದು, ಗಂಟೆಯೊಳಗೆ ತೂಗುವ ನಾಲಿಗೆಯ ಪೆಟ್ಟಿಗೆ ಮಾತ್ರ ಮಂಕಾಗಿದ್ದರೆ ದೋಷ ನಾಲಿಗೆಯಲ್ಲಿದೆ: ಕೊಕ್ಕೆ ಸವೆದಿರಬಹುದು, ಅಥವಾ ಯಾರೋ ಗಿಡ್ಡ ತಂತಿ ಕಟ್ಟಿದ್ದರಿಂದ ನಾಲಿಗೆ ಅಂಚಿನ ದಪ್ಪ ಭಾಗಕ್ಕೆ ತಾಗದೆ ಮೇಲಿನ ತೆಳು ಭಾಗಕ್ಕೆ ಬಡಿಯುತ್ತಿರಬಹುದು. ತಂತಿ ಬದಲಿಸಿ ಸರಿಯಾದ ಉದ್ದಕ್ಕೆ ತೂಗಿಬಿಟ್ಟರೆ ಹಳೆಯ ನಾದ ಮರಳುತ್ತದೆ. ಜುಂಯ್ ಎಂಬ ಅದುರು ಕೇಳಿಸಿದರೆ ಹಿಡಿ ಸಡಿಲಾಗಿರುವ ಸಾಧ್ಯತೆ ಹೆಚ್ಚು. ಎಲ್ಲಿ ತಟ್ಟಿದರೂ ಒಡಕು ದನಿಯೇ ಬಂದರೆ ಮಾತ್ರ ಬಿರುಕನ್ನು ಹುಡುಕಿ. ಬಿರುಕಿಗೆ ಬೆಸುಗೆ ಹಾಕಿಸಿದರೂ ಮೊದಲಿನ ನಾದ ಬರುವುದು ಕಷ್ಟ, ಆಗ ಕಂಚುಗಾರರಲ್ಲಿ ಅದೇ ಲೋಹವನ್ನು ಕರಗಿಸಿ ಎರಕ ಹೊಯ್ಯಿಸುವುದು ಲೇಸು.

ಒಳಮೈಗೆ ಅಂಟಿದ ಎಣ್ಣೆ, ಕುಂಕುಮದ ಪದರವನ್ನೂ ತೆಗೆಯಿರಿ. ಹುಣಸೆಹಣ್ಣಿನಿಂದ ತಿಕ್ಕಿ, ಹುಳಿ ಉಳಿಯದಂತೆ ತೊಳೆದು, ಕೂಡಲೇ ಒಣಬಟ್ಟೆಯಿಂದ ಒರೆಸಿ. ಗರುಡನ ರೆಕ್ಕೆಯ ಕೆತ್ತನೆ ಸವೆಯದಂತೆ ಅಲ್ಲಿ ಬೆರಳನ್ನಷ್ಟೇ ಬಳಸಿ.

ಕೊನೆಗೂ ಹೊಸದನ್ನೇ ಕೊಳ್ಳುವುದಾದರೆ ಹೊಳಪಿಗೆ ಮರುಳಾಗದೆ, ಒಮ್ಮೆ ಬಾರಿಸಿ, ನಾದ ಕರಗುವವರೆಗೂ ಕಿವಿಗೊಡಿ. ಏಳು ಲೋಹಗಳ ಗಂಟೆಯೆಂದು ಹೆಚ್ಚು ಬೆಲೆ ಕೇಳಿದರೂ ಕಿವಿಯನ್ನೇ ನಂಬಿ. ಸೀಸ ಹೆಚ್ಚಾಗಿ ಬೆರೆತರೆ ನಾದ ಕುಗ್ಗುತ್ತದೆ. ಯಲ್ಲಾಪುರದ ಬಳಿಯ ಚಂದಗುಳಿಯ ಗಂಟೆ ಗಣಪತಿಗೆ ಭಕ್ತರು ಹರಕೆಯಾಗಿ ಗಂಟೆಗಳನ್ನೇ ಒಪ್ಪಿಸುತ್ತಾರೆ. ಅಲ್ಲಿಗೆ ಹೋದಾಗ ಬೇರೆ ಬೇರೆ ಗಾತ್ರದ ಗಂಟೆಗಳ ದನಿಯನ್ನು ಗಮನಿಸಿ ಬಂದರೆ ಅಂಗಡಿಯಲ್ಲಿ ಆರಿಸುವುದು ಸುಲಭವಾಗುತ್ತದೆ.

ಸೌಟಿನಿಂದ ತಟ್ಟಿದಾಗ ಯಾವ ಬಗೆಯ ದನಿ ಬಂತೆಂದು ಇಲ್ಲಿಯೇ ತಿಳಿಸಿ.