ವಿದೇಶದಲ್ಲಿ ದುಡ್ಡು ಕೇಳುವವರು ಎದುರಾದಾಗ ನೀವೇನು ಮಾಡಿದಿರಿ? ಕೊಡಬೇಕಾ, ಬೇಡವಾ?

ನಮಗೆ ಎದುರಾದವಳು ದುಡ್ಡು ಕೇಳಲೇ ಇಲ್ಲ. ಹಾಲು ಕೇಳಿದಳು.

2019ರಲ್ಲಿ ನಾನೂ ನನ್ನ ಹೆಂಡತಿಯೂ ಅಂಕೋರ್ ವಾಟ್ ದೇವಾಲಯ ನೋಡಲು ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋಗಿದ್ದೆವು. ಮೊದಲ ರಾತ್ರಿ ಊಟ ಮುಗಿಸಿ ಪಬ್ ಸ್ಟ್ರೀಟ್ ಕಡೆಯಿಂದ ನಡೆದು ಬರುತ್ತಿದ್ದೆವು. ಇಪ್ಪತ್ತು ವರ್ಷದ ಹುಡುಗಿ ಇರಬೇಕು, ಕಂಕುಳಲ್ಲಿ ಮಗು, ಕೈಯಲ್ಲಿ ಖಾಲಿ ಹಾಲಿನ ಬಾಟಲಿ. "ದುಡ್ಡು ಬೇಡ, ಮಗುವಿಗೆ ಹಾಲು ಕೊಡಿಸಿ" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ದುಡ್ಡೇ ಬೇಡ ಅಂದವಳಿಗೆ ಇಲ್ಲ ಅನ್ನಲು ಬಾಯಿ ಬರುತ್ತಾ? ಅಂಗಡಿಗೆ ಅವಳೇ ಕರೆದುಕೊಂಡು ಹೋದಳು. ಯಾವ ಹಾಲಿನಪುಡಿ ಡಬ್ಬಿ ಅಂತಲೂ ಅವಳೇ ತೋರಿಸಿದಳು. 22 ಡಾಲರ್, ಆಗಿನ ಲೆಕ್ಕದಲ್ಲಿ 1,500 ರೂಪಾಯಿಗೂ ಜಾಸ್ತಿ.

ಅಲ್ಲೇ ಬಿಸಿನೀರು ಕೇಳಿ ಹಾಲು ಕಲಸಿಕೊಡೋಣ ಅಂತ ನನ್ನ ಹೆಂಡತಿ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಹುಡುಗಿ ಗಾಬರಿಯಾಗಿ ಡಬ್ಬಿ ಕಿತ್ತುಕೊಂಡಳು. "ಬೇಡ, ಬೇಡ" ಅಂದು ಹೊರಟೇಬಿಟ್ಟಳು. ಅಷ್ಟು ಗದ್ದಲದಲ್ಲೂ ಮಗು ಕಣ್ಣು ಬಿಡಲಿಲ್ಲ.

ಬೆಳಿಗ್ಗೆ ನಮ್ಮ ಟುಕ್‌ಟುಕ್ ಡ್ರೈವರ್ ವಿಷಯ ಬಿಡಿಸಿ ಹೇಳಿದ. ಸೀಲ್ ಒಡೆಯದ ಡಬ್ಬಿ ರಾತ್ರಿಯೇ ಅಂಗಡಿಗೆ ವಾಪಸ್ ಹೋಗುತ್ತದೆ. ಬಂದ ದುಡ್ಡನ್ನು ಅಂಗಡಿಯವನೂ ಅವಳೂ ಹಂಚಿಕೊಳ್ಳುತ್ತಾರೆ. ಅದೇ ಡಬ್ಬಿ ಮತ್ತೆ ಮಾರಾಟಕ್ಕೆ ಕೂರುತ್ತದೆ. ಹಾಲಿನ ಡಬ್ಬಿಯ ಈ ಆಟ ಅಲ್ಲಿ ಎಲ್ಲರಿಗೂ ಗೊತ್ತಂತೆ. ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ರೀ, ಆ ಮಗು ನಿನ್ನೆ ರಾತ್ರಿ ಏನು ಕುಡೀತು?"

ಆ ಹುಡುಗಿ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಆದರೆ ನಮ್ಮಂಥವರು ಕೊಡುತ್ತಾ ಹೋದಷ್ಟೂ ಆ ಮಗು ನಡುರಾತ್ರಿವರೆಗೆ ಬೀದಿಯಲ್ಲೇ ಇರಬೇಕಾಗುತ್ತದೆ. ದೇವಸ್ಥಾನಗಳ ಹತ್ತಿರ "ಒನ್ ಡಾಲರ್, ಒನ್ ಡಾಲರ್" ಅಂತ ಪೋಸ್ಟ್‌ಕಾರ್ಡ್ ಹಿಡಿದು ಹಿಂದೆ ಓಡಿ ಬರುವ ಮಕ್ಕಳ ಕಥೆಯೂ ಅದೇ. ಅವರ ಕೈಯಿಂದ ದಯವಿಟ್ಟು ಏನೂ ಕೊಳ್ಳಬೇಡಿ. ಮಗು ಚೆನ್ನಾಗಿ ಸಂಪಾದಿಸಿದರೆ ಅದನ್ನು ಶಾಲೆಗೆ ಕಳಿಸುವ ಮನಸ್ಸು ಯಾರಿಗೆ ಬರುತ್ತದೆ? ಪಕ್ಕದಲ್ಲೇ ದೊಡ್ಡವರು ಎಳನೀರು, ಸ್ಕಾರ್ಫ್ ಮಾರುತ್ತಿರುತ್ತಾರೆ, ಅವರ ಹತ್ತಿರ ಕೊಳ್ಳಿ.

ಹಾಗಂತ ಯಾರಿಗೂ ಕೊಡಲೇಬೇಡಿ ಅಂತಲ್ಲ. ತಾ ಪ್ರೋಮ್ ಅಂತ ಒಂದು ದೇವಾಲಯ ಇದೆ. ಗೋಡೆಗಳನ್ನು ಮರದ ಬೇರುಗಳು ತಬ್ಬಿಕೊಂಡಿವೆ, ನಮ್ಮ ಭಾರತೀಯ ಪುರಾತತ್ವ ಇಲಾಖೆಯೇ ಅಲ್ಲಿ ದುರಸ್ತಿ ಕೆಲಸ ಮಾಡಿದೆ. ಒಳಗೆ ಹೋಗುವ ದಾರಿಯಲ್ಲಿ ಚಾಪೆ ಹಾಸಿಕೊಂಡು ಆರೇಳು ಜನ ವಾದ್ಯ ನುಡಿಸುತ್ತಿದ್ದರು. ಎಲ್ಲರೂ ನೆಲಬಾಂಬಿಗೆ ಸಿಕ್ಕವರು. ಯುದ್ಧದ ವರ್ಷಗಳಲ್ಲಿ ಹೂತಿಟ್ಟ ಬಾಂಬುಗಳು ಗದ್ದೆ, ಕಾಡುಗಳಲ್ಲಿ ಇನ್ನೂ ಸಿಗುತ್ತಲೇ ಇವೆ. ಒಬ್ಬರು ಖಿಮ್ ನುಡಿಸುತ್ತಿದ್ದರು, ನಮ್ಮ ಸಂತೂರಿನ ಹಾಗೆ ಕೋಲಿನಿಂದ ತಂತಿ ಬಡಿಯುವ ವಾದ್ಯ. ಕಣ್ಣು ಕಾಣದು, ಆದರೂ ಒಂದು ಪೆಟ್ಟೂ ತಪ್ಪಲಿಲ್ಲ. ಅವರ ಹಿಂದೆ ಚಾಪೆಯ ಅಂಚಿನಲ್ಲಿ ಯಾರದೋ ಕೃತಕ ಕಾಲು ಬಿಚ್ಚಿಟ್ಟಿತ್ತು, ಪಾದಕ್ಕೆ ಚಪ್ಪಲಿ ಹಾಕಿದ ಹಾಗೇ. ಅವರು ಕೈ ಚಾಚಲಿಲ್ಲ, ಕರೆಯಲೂ ಇಲ್ಲ. ಮುಂದೆ ಒಂದು ಡಬ್ಬಿ, ಪಕ್ಕದಲ್ಲಿ ಮಾರಲು ಸಿಡಿಗಳು. ನಾವು ಎರಡು ಸಿಡಿ ಕೊಂಡೆವು. ಮನೆಯಲ್ಲಿ ಸಿಡಿ ಹಾಕಲು ಏನೂ ಇರಲಿಲ್ಲ, ಆದರೂ ಕೊಂಡೆವು.

ಅಂಕೋರ್‌ಗೆ ಹೋಗುವ ರಸ್ತೆಯಲ್ಲೇ ಅಲ್ಲಿನ ಹಳೆಯ ರಾಜ ಏಳನೇ ಜಯವರ್ಮನ್ ಹೆಸರಿನ ಮಕ್ಕಳ ಆಸ್ಪತ್ರೆ ಇದೆ. ಸ್ವಿಸ್ ಡಾಕ್ಟರ್ ಬೇಆಟ್ ರಿಚ್ನರ್ ಅದನ್ನು 1999ರಲ್ಲಿ ಶುರು ಮಾಡಿದರು. ಚಿಕಿತ್ಸೆ ಪೂರ್ತಿ ಉಚಿತ. ಅವರು ಶನಿವಾರ ಸಂಜೆ ತಾವೇ ಸೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸಿ, ಬಂದ ಪ್ರವಾಸಿಗಳ ಹತ್ತಿರ ಬಾಯಿಬಿಟ್ಟು ಕೇಳುತ್ತಿದ್ದರು: ವಯಸ್ಸಾದವರು ದುಡ್ಡು ಕೊಡಿ, ಚಿಕ್ಕ ವಯಸ್ಸಿನವರು ರಕ್ತ ಕೊಡಿ ಅಂತ. 2018ರಲ್ಲಿ ಅವರು ತೀರಿಕೊಂಡರು, ನಾವು ಹೋದಾಗ ಅವರಿರಲಿಲ್ಲ. ಹೊರಡುವ ದಿನ ಅಲ್ಲಿಗೆ ಹೋಗಿ ನಾನು ರಕ್ತ ಕೊಟ್ಟೆ. ನನ್ನ ಹೆಂಡತಿ ಎಣಿಸಿ 22 ಡಾಲರ್ ಕೊಟ್ಟಳು. ಯಾಕೆ ಅಷ್ಟೇ ಅಂತ ನಾನು ಕೇಳಲಿಲ್ಲ.