ನಿಮ್ಮ ಮಾಯಾಶಾಲೆಗೆ ಅಕ್ಕಿ ಎಲ್ಲಿಂದ ಬಂತು?

ನಮಸ್ಕಾರ,

ನೀವು ಕಳಿಸಿದ ಮಕ್ಕಳ ಕಾದಂಬರಿಯ ಮೊದಲ ಆರು ಅಧ್ಯಾಯ ಓದಿದೆ. ಸಹ್ಯಾದ್ರಿಯ ಬೆಟ್ಟದ ಮೇಲೆ ಮಂತ್ರವಿದ್ಯೆ ಕಲಿಸುವ ವಸತಿಶಾಲೆ, ಅಲ್ಲಿಗೆ ಸೇರುವ ಹನ್ನೊಂದು ವರ್ಷದ ಹುಡುಗಿ. ಭಾಷೆ ಚೆನ್ನಾಗಿದೆ, ಸಂಭಾಷಣೆ ಸಲೀಸಾಗಿದೆ. ಆದರೆ ಎರಡನೇ ಅಧ್ಯಾಯದ ಊಟದ ದೃಶ್ಯ ನನ್ನನ್ನು ಬಿಡುತ್ತಲೇ ಇಲ್ಲ. ಅದರ ಬಗ್ಗೆಯೇ ಬರೆಯುತ್ತೇನೆ.

"ಸಾವಿರದ ಇನ್ನೂರು ಮಕ್ಕಳು ಸಾಲಾಗಿ ಊಟಕ್ಕೆ ಕೂತರು." ಸರಿ. ಮುಂದಿನ ಪುಟದಲ್ಲೇ "ಶಾಲೆಯ ಆರೂ ಗುರುಗಳು ಎದ್ದು ನಿಂತರು." ಅಂದರೆ ಒಬ್ಬೊಬ್ಬರಿಗೆ 200 ಮಕ್ಕಳು. ಆದರೂ ಮಂತ್ರದ ಮೇಡಂ ಪ್ರತಿ ಮಗುವಿನ ಪಕ್ಕ ಕೂತು ಉಚ್ಚಾರಣೆ ತಿದ್ದುತ್ತಾರೆ. ಆ ಹೊತ್ತಿಗೆ ಉಳಿದ ಕ್ಲಾಸುಗಳಲ್ಲಿ ಯಾರಿದ್ದರು? ಓದುವ ಮಕ್ಕಳು ಲೆಕ್ಕ ಹಾಕದೆ ಬಿಡುವುದಿಲ್ಲ. ಹ್ಯಾರಿ ಪಾಟರ್ ಕಥೆಗಳ ಮಾಯಾಶಾಲೆ ಹಾಗ್ವಾರ್ಟ್ಸ್‌ನಲ್ಲಿ ಸುಮಾರು ಸಾವಿರ ಮಕ್ಕಳಿದ್ದಾರೆ ಎಂದು ಅದರ ಲೇಖಕಿಯೇ ಹೇಳಿದ್ದರು. ಹ್ಯಾರಿಯ ಮಲಗುವ ಕೋಣೆಯಲ್ಲಿರುವುದು ಐದೇ ಹುಡುಗರು. ಹುಡುಗಿಯರೂ ಅಷ್ಟೇ ಎಂದುಕೊಂಡರೆ ಒಂದು ಹೌಸ್‌ಗೆ, ಅಂದರೆ ಶಾಲೆಯ ಮಕ್ಕಳ ಒಂದು ಗುಂಪಿಗೆ, ವರ್ಷಕ್ಕೆ ಹತ್ತು ಮಕ್ಕಳು. ನಾಲ್ಕು ಹೌಸ್, ಏಳು ವರ್ಷ, ಒಟ್ಟು 280. ಓದುಗರು ಇವತ್ತಿಗೂ ಇದನ್ನು ಕೆದಕುತ್ತಾರೆ.

"ಮೇಲೆ ಬರಲು ಕಾಲುದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ." ಬಿಸಿಯೂಟದ ಲೆಕ್ಕದಲ್ಲಿ ಹಿರಿಯ ಪ್ರಾಥಮಿಕದ ಒಂದು ಮಗುವಿಗೆ 150 ಗ್ರಾಂ ಅಕ್ಕಿ. ನಿಮ್ಮ ಶಾಲೆಗೆ ಒಂದು ಹೊತ್ತಿಗೆ 180 ಕೆಜಿ ಬೇಕು. ಅದು ಬೆಟ್ಟ ಹತ್ತಿದ್ದು ಹೇಗೆ?

"ತಟ್ಟೆಗಳು ತಾವಾಗಿಯೇ ತುಂಬಿಕೊಂಡವು." ಇದೇ ಉತ್ತರ ಅಂತೀರಾ? ಹಾಗಾದರೆ ಐದನೇ ಅಧ್ಯಾಯದಲ್ಲಿ ನಿಮ್ಮ ಹುಡುಗಿ ಹಸಿವು ತಾಳದೆ ಉಗ್ರಾಣದಿಂದ ಬಾಳೆಹಣ್ಣು ಕದ್ದದ್ದು ಯಾಕೆ? ಮಂತ್ರಕ್ಕೆ ಒಂದು ಮಿತಿ ಇಡಿ. ಅದು ಅಕ್ಕಿ ಬೇಯಿಸಬಲ್ಲದು, ಹುಟ್ಟಿಸಲಾರದು ಅಂತಿಟ್ಟುಕೊಳ್ಳಿ. ಆಗ ಕೆಳಗಿನ ಊರಿನಿಂದ ಮೂಟೆ ಹೊರುವವರು ಬೇಕು. ಅವರ ಮಕ್ಕಳಿಗೆ ಆ ಶಾಲೆಯಲ್ಲಿ ಸೀಟು ಸಿಗುತ್ತಾ? ಮಳೆಗಾಲದಲ್ಲಿ ದಾರಿ ಕುಸಿದರೆ ಏನು ಗತಿ? ನಿಮ್ಮ ದುಷ್ಟ ಮಾಂತ್ರಿಕನಿಗಿಂತ ಇದರಲ್ಲೇ ಕಥೆ ಜಾಸ್ತಿ ಇದೆ.

ನಾನು ಕೆಲಸ ಕಲಿತದ್ದು ಒಂದು ಮಕ್ಕಳ ಮಾಸಿಕದಲ್ಲಿ, ಕರಡು ತಿದ್ದುತ್ತಾ. ಅಲ್ಲಿನ ಸಂಪಾದಕರು ಪ್ರತಿ ಧಾರಾವಾಹಿಗೂ ಒಂದು ನೋಟ್‌ಬುಕ್ ಇಡಿಸುತ್ತಿದ್ದರು. ಕಥೆಯ ಶಾಲೆಗೆ ಎಷ್ಟು ಕೋಣೆ, ಬಾವಿ ಯಾವ ಕಡೆ, ಭಾನುವಾರ ಏನು ತಿಂಡಿ, ಎಲ್ಲ ಅದರಲ್ಲಿ ಬರೆದಿಡಬೇಕು. ಒಬ್ಬ ಲೇಖಕರು "ಮಕ್ಕಳ ಕಥೆಗೆ ಇಷ್ಟೆಲ್ಲ ಯಾಕೆ?" ಎಂದು ಸಿಟ್ಟಾದರು. ಸಂಪಾದಕರು ಮಾತಾಡದೆ ಏಳನೇ ಕ್ಲಾಸಿನ ಹುಡುಗನೊಬ್ಬ ಬರೆದ ಕಾರ್ಡನ್ನು ಅವರಿಗೆ ಕಳಿಸಿದರು: "ಹೋದ ಸಂಚಿಕೆಯಲ್ಲಿ ಗಂಟೆ ತಾತನಿಗೆ ಜ್ವರ. ಈ ಸಲ ಗಂಟೆ ಹೊಡೆದದ್ದು ಯಾರು?" ಮುಂದಿನ ಕಂತಿನಲ್ಲಿ ಆ ಲೇಖಕರು ಗಂಟೆಯನ್ನು ತಾತನ ಮೊಮ್ಮಗಳ ಕೈಗೆ ಕೊಟ್ಟರು. ಇಡೀ ಧಾರಾವಾಹಿಯಲ್ಲಿ ಜೀವ ಬಂದದ್ದು ಆ ಕಂತಿಗೆ.

ಇನ್ನೊಂದು ಮಾತು. ಧೈರ್ಯವಂತರಿಗೆ ಒಂದು ಹೌಸ್, ಜಾಣರಿಗೆ ಇನ್ನೊಂದು ಎನ್ನುವ ಹಂಚಿಕೆ ಬಿಟ್ಟುಬಿಡಿ. ಬ್ರಿಟಿಷ್ ವಸತಿಶಾಲೆಗಳ ಪದ್ಧತಿ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ನಿಮ್ಮಲ್ಲಿಗೆ ಬಂದಿದೆ. ನವೋದಯ ಶಾಲೆಗಳಲ್ಲೂ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ಹೌಸ್‌ಗಳಿವೆ, ಆದರೆ ಸ್ವಭಾವ ನೋಡಿ ಮಕ್ಕಳನ್ನು ಹಂಚುವುದಿಲ್ಲ. ಅಲ್ಲಿ ಒಂಬತ್ತನೇ ಕ್ಲಾಸಿನ ಕೆಲವು ಮಕ್ಕಳನ್ನು ಬೇರೆ ಭಾಷೆಯ ರಾಜ್ಯದ ಶಾಲೆಗೆ ಕಳಿಸುತ್ತಾರೆ. ಹಾಗೆ ಹೋಗಿಬಂದವರ ಹತ್ತಿರ ಒಂದು ಸಂಜೆ ಕೂತು ಮಾತಾಡಿ.

ಎರಡನೇ ಮತ್ತು ಐದನೇ ಅಧ್ಯಾಯ ಮತ್ತೆ ಬರೆದು ಕಳಿಸಿ. ಜೊತೆಗೆ ಶಾಲೆಯ ಒಂದು ದಿನದ ವೇಳಾಪಟ್ಟಿಯೂ ಇರಲಿ, ಬೆಳಗಿನ ಗಂಟೆಯಿಂದ ದೀಪ ಆರಿಸುವವರೆಗೆ. ಅಚ್ಚಿಗಲ್ಲ, ನನಗೆ.